ರೋಮ್‌ನಲ್ಲಿ ಒಂದು ಶ್ರಾವಣ ಶನಿವಾರ

ರೋಮ್ ನಗರದ ನಟ್ಟನಡುವೆ ಶನಿಯ ಗುಡಿಯೊಂದಿದೆ ಎಂದು ಮಧುರೆಯಲ್ಲಿ ಹೇಳಿದಾಗ ಯಾರೂ ಆಶ್ಚರ್ಯಪಡಲಿಲ್ಲ. ‘ಇರಲೇಬೇಕಲ್ಲಮ್ಮ, ಅವನು ಯಾರನ್ನ ಬಿಟ್ಟಿದ್ದಾನೆ?’ ಎಂದರು. ಹೂವಿನಂಗಡಿಯ ಅಜ್ಜಿ ಮಾತ್ರ ಒಂದು ಪ್ರಶ್ನೆ ಕೇಳಿದರು: ‘ಅಲ್ಲಿ ಎಣ್ಣೆ ಯಾವುದು ಹಾಕ್ತಾರೆ?’

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ ಹೋಬಳಿಯಲ್ಲಿ ಬೆಳೆದವರಿಗೆ ಶನಿವಾರದ ಗುರುತು ಮೊದಲು ಮೂಗಿಗೆ ಸಿಗುತ್ತದೆ. ನೆಲಮಂಗಲದ ಕಡೆಯಿಂದ, ದೊಡ್ಡಬಳ್ಳಾಪುರದ ಕಡೆಯಿಂದ ಬಸ್ಸುಗಳು ತುಂಬಿ ಬರುತ್ತವೆ. ಚಿಕ್ಕಮಧುರೆಯ ಶನಿಮಹಾತ್ಮನ ಸನ್ನಿಧಿಯ ಸುತ್ತ ಎಳ್ಳೆಣ್ಣೆಯ ಹೊಗೆ ಕಟ್ಟುತ್ತದೆ. ಕರಿಬಟ್ಟೆಯಲ್ಲಿ ಎಳ್ಳು ಕಟ್ಟಿದ ಬತ್ತಿಗಳನ್ನು ಹೊತ್ತಿಸಿ ಜನ ಕೈಮುಗಿದು ನಿಲ್ಲುತ್ತಾರೆ: ಕೋರ್ಟಿನಲ್ಲಿ ಜಮೀನು ಸಿಕ್ಕಿಕೊಂಡವರು, ಮಗಳ ಮದುವೆ ನಿಂತುಹೋದವರು, ಮಗ್ಗ ಮಾರಿದವರು. ಶ್ರಾವಣದ ಶನಿವಾರಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಮ್ಮ ಸೀಮೆಯ ಊರುಗಳಲ್ಲಿ ‘ಶನಿಪ್ರಭಾವ’ ನಾಟಕ ಕಟ್ಟದ ತಲೆಮಾರಿಲ್ಲ. ಶನಿಯನ್ನು ಹಗುರವಾಗಿ ಆಡಿದ ರಾಜಾ ವಿಕ್ರಮ ರಾಜ್ಯ ಕಳೆದುಕೊಂಡು, ಕೈಕಾಲು ಕಡಿಸಿಕೊಂಡು, ಗಾಣಿಗನ ಮನೆಯಲ್ಲಿ ಗಾಣ ಹೊಡೆಯುತ್ತಾ ಕೂರುವ ದೃಶ್ಯಕ್ಕೆ ನಮ್ಮಜ್ಜಿ ಪ್ರತಿಸಲ ಅಳುತ್ತಿದ್ದಳು. ಅರಸನಿಗೂ ಆಳಿಗೂ ಒಂದೇ ಲೆಕ್ಕ ಹಿಡಿಯುವ ದೇವರು ಇವನೊಬ್ಬನೇ ಎನ್ನುವುದು ಅವಳ ನಂಬಿಕೆ.

ಹೀಗಾಗಿ ನಾನು ಒಬ್ಬಳೇ ಯುರೋಪಿಗೆ ಹೊರಡುತ್ತೇನೆ ಎಂದಾಗ ಮನೆಯಲ್ಲಿ ಎದ್ದ ಮೊದಲ ಮಾತು ವೀಸಾದ್ದಲ್ಲ, ಗ್ರಹದ್ದು. 2025ರ ಮಾರ್ಚ್ 29ಕ್ಕೆ ಶನಿ ಕುಂಭ ಬಿಟ್ಟು ಮೀನಕ್ಕೆ ಬಂದಿದ್ದ. ನನ್ನದು ಮೇಷ, ಅಲ್ಲಿಗೆ ಏಳೂವರೆ ವರ್ಷದ ಶನಿ ಶುರು. ಜೊತೆಗೆ ಜುಲೈನಿಂದ ವಕ್ರಿ. ಜೋಯಿಸರು ಸಮಾಧಾನದ ಮನುಷ್ಯ. ಮೇಷಕ್ಕೆ ಮೀನ ಹನ್ನೆರಡನೆಯ ಮನೆ, ಅದು ಖರ್ಚಿನದೂ ಹೌದು, ಪರದೇಶದ್ದೂ ಹೌದು, ಹೋಗಿಬರಲಿ ಎಂದರು. ಮುಂದಿನ ತೊಡಕು ವಾರಶೂಲದ್ದು. ವಿಮಾನ ಆಗಸ್ಟ್ 2ರ ಶನಿವಾರ ಬೆಳಗಿನ ಜಾವ. ಶನಿವಾರ ಪೂರ್ವಕ್ಕೆ ಶೂಲ, ನಾನು ಹೋಗುವುದು ಪಶ್ಚಿಮಕ್ಕೆ, ಹಾಗಾಗಿ ಅಡ್ಡಿಯಿಲ್ಲ. ಆದರೆ ಪಂಚಾಂಗದಲ್ಲಿ ದಿನ ಹುಟ್ಟುವುದು ಸೂರ್ಯೋದಯಕ್ಕೆ, ಬೆಳಗಿನ ಜಾವವಿನ್ನೂ ಶುಕ್ರವಾರವೇ, ಶುಕ್ರವಾರ ಪಶ್ಚಿಮಕ್ಕೆ ಶೂಲ! ಅಮ್ಮ ಹಳೆಯ ದಾರಿ ಹಿಡಿದಳು. ಗುರುವಾರವೇ ನನ್ನ ಚೀಲವನ್ನು ಪಕ್ಕದ ಮನೆಯಲ್ಲಿಟ್ಟು ಪ್ರಸ್ಥಾನ ಮಾಡಿಸಿದಳು. ಶಾಸ್ತ್ರದ ಪ್ರಕಾರ ನಾನು ರೋಮ್‌ಗೆ ಹೊರಟಿದ್ದು ಅಂದೇ. ಎರಡು ಸಾವಿರ ವರ್ಷಗಳ ಹಿಂದೆ ತಿಬುಲ್ಲಸ್ ಎಂಬ ರೋಮನ್ ಕವಿಯೂ ಪ್ರಯಾಣ ಮುಂದೂಡಲು ನೆಪ ಹುಡುಕುವಾಗ ಶನಿಯ ದಿನವನ್ನು ಹೆಸರಿಸಿದ್ದಾನೆ. ಇದನ್ನು ಅಮ್ಮನಿಗೆ ಹೇಳಿದಾಗ ಅವಳಿಗೆ ಆ ಊರಿನ ಮೇಲೆ ಗೌರವ ಹುಟ್ಟಿತು.

ಒಂಟಿಯಾಗಿ ಹೋಗುವವರ ಬಗ್ಗೆ ನನ್ನದೊಂದು ಗಟ್ಟಿ ಅಭಿಪ್ರಾಯವಿದೆ. ಹತ್ತು ದಿನಕ್ಕೆ ಏಳು ದೇಶ ತೋರಿಸುವ ಬಸ್ಸಿನಲ್ಲಿ ಹೋದರೆ ಮೊದಲ ದಿನವೆನ್ನುವುದೇ ಇರುವುದಿಲ್ಲ, ಇಳಿದ ಕ್ಷಣದಿಂದ ಓಟ. ಒಬ್ಬರೇ ಹೋದಾಗ ಆ ಮೊದಲ ದಿನ ನಮ್ಮದು. ನಿದ್ದೆಗೆಟ್ಟ ಕಣ್ಣು, ಊರಿನ ಹೊತ್ತನ್ನೇ ಹಿಡಿದಿರುವ ಹೊಟ್ಟೆ, ಮಾತಾಡಿಸಲು ಯಾರೂ ಇಲ್ಲದ ನಾಲಿಗೆ. ಆ ಸ್ಥಿತಿಯಲ್ಲಿ ಮಹಾನಗರವೊಂದು ತನ್ನ ಹಿರಿಮೆಯನ್ನೆಲ್ಲ ಒಮ್ಮೆಲೇ ಮೈಮೇಲೆ ಸುರಿದರೆ ತಾಳಿಕೊಳ್ಳುವುದು ಕಷ್ಟ. ಅಂದಿಗೆ ಒಂದೇ ಒಂದು ಜಾಗ ಸಾಕು. ಆ ಜಾಗಕ್ಕೂ ನಾವು ಹುಟ್ಟಿದ ಊರಿಗೂ ಏನಾದರೊಂದು ನಂಟಿರಬೇಕು. ಕೊಲೋಸಿಯಂ ನನ್ನ ಮೊದಲ ದಿನದ ಪಟ್ಟಿಯಲ್ಲಿರಲಿಲ್ಲ, ವ್ಯಾಟಿಕನ್ ಇರಲಿಲ್ಲ. ಇದ್ದದ್ದು ಶನಿಯ ಗುಡಿ, ಅದರ ನೆತ್ತಿಯ ಮೇಲಿನ ಗುಡ್ಡದಲ್ಲಿ ಒಂದು ಚರ್ಚು. ನಾನೂರು ವರ್ಷಗಳ ಹಿಂದೆ ಕನ್ನಡನಾಡಿನಲ್ಲಿ ತಿರುಗಾಡಿದ ರೋಮಿನವನೊಬ್ಬ ಆ ಚರ್ಚಿನಲ್ಲಿ ಮಲಗಿದ್ದಾನೆ.

ಕೊಲ್ಲಿಯ ನಿಲ್ದಾಣವೊಂದರಲ್ಲಿ ವಿಮಾನ ಬದಲಿಸಿ ಫ್ಯುಮಿಚಿನೊದಲ್ಲಿ ಇಳಿದಾಗ ಅಲ್ಲಿ ಮಧ್ಯಾಹ್ನ. ಬೇಸಿಗೆಯಲ್ಲಿ ಇಟಲಿ ನಮಗಿಂತ ಮೂರೂವರೆ ಗಂಟೆ ಹಿಂದೆ. ಊರಿನಲ್ಲಿ ಸಂಜೆಯ ಮಂಗಳಾರತಿಗೆ ಸಾಲು ಶುರುವಾಗುವ ಹೊತ್ತು. ರೈಲಿನಲ್ಲಿ ಅರ್ಧ ಗಂಟೆಗೆ ಟೆರ್ಮಿನಿ ನಿಲ್ದಾಣ ಬಂತು. ಹೊರಗೆ ಕಾಲಿಟ್ಟರೆ ಜಾತ್ರೆ.

ಅಂದು ಕ್ಯಾಥೋಲಿಕರ ಜುಬಿಲಿ ವರ್ಷದ ಯುವಜನರ ಉತ್ಸವದ ದೊಡ್ಡ ದಿನ. ಊರಾಚೆಯ ತೋರ್ ವೆರ್ಗಾತಾ ಬಯಲಿನಲ್ಲಿ ಪೋಪ್ ಹದಿನಾಲ್ಕನೆಯ ಲಿಯೊ ಜೊತೆ ರಾತ್ರಿಯ ಪ್ರಾರ್ಥನೆಗೆ ಸುಮಾರು ಹತ್ತು ಲಕ್ಷ ಹುಡುಗ ಹುಡುಗಿಯರು ಸೇರಲಿದ್ದರು. ದೇಶದೇಶದ ಬಾವುಟ ಹೊದ್ದು, ಬೆನ್ನಿಗೆ ಚಾಪೆ ಸುತ್ತಿಕೊಂಡು, ಹಾಡುತ್ತಾ ಹೋಗುತ್ತಿದ್ದ ಗುಂಪುಗಳ ನಡುವೆ ಒಂಟಿಯಾಗಿದ್ದವಳು ನಾನೊಬ್ಬಳೇ ಅನ್ನಿಸಿತು. ಭಯವಾಗಲಿಲ್ಲ. ಶ್ರಾವಣದ ಜನಜಂಗುಳಿಯಲ್ಲಿ ಬೆಳೆದವರಿಗೆ ಹರಕೆ ಹೊತ್ತವರ ನಡಿಗೆ ಗೊತ್ತು. ಯಾರೂ ಯಾರನ್ನೂ ನೂಕುವುದಿಲ್ಲ, ದಣಿದವರಿಗೆ ನೀರು ಸಿಗುತ್ತದೆ. ಪೋರ್ಚುಗಲ್ಲಿನ ಬಾವುಟ ಕಟ್ಟಿಕೊಂಡ ಹುಡುಗಿಯೊಬ್ಬಳು ಕೇಳದೆಯೇ ನನ್ನ ಚೀಲದ ಒಂದು ತುದಿ ಹಿಡಿದು ಮೆಟ್ಟಿಲು ಇಳಿಸಿಕೊಟ್ಟು ಕೈಬೀಸಿ ಹೋದಳು.

ಮೊಂತಿ ಎಂಬ ಹಳೆಯ ಬಡಾವಣೆಯಲ್ಲಿ ಕೋಣೆ. ಚೀಲವಿಟ್ಟು, ಮುಖ ತೊಳೆದು, ಕವೂರ್ ಬೀದಿಯ ಇಳಿಜಾರು ಹಿಡಿದೆ. ಬಿಸಿಲು ಸುಡುತ್ತಿತ್ತು. ಒಬ್ಬರೇ ಹೋಗುವವರಿಗೆ ಈ ನಗರದ ನಿಜವಾದ ಉಪಕಾರವೆಂದರೆ ಬೀದಿಬೀದಿಯಲ್ಲಿ ನಿಂತಿರುವ ಎರಕದ ನಲ್ಲಿಗಳು. ಬಾಗಿದ ಕೊಳವೆಯಿಂದ ತಣ್ಣನೆಯ ಕುಡಿಯುವ ನೀರು ಹಗಲಿರುಳು ಹರಿಯುತ್ತಿರುತ್ತದೆ. 1870ರ ದಶಕದಲ್ಲಿ ಶುರುವಾದ ಏರ್ಪಾಡು, ಈಗ ಸುಮಾರು 2,500 ನಲ್ಲಿಗಳಿವೆ. ಕೊಳವೆಯ ಬಾಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಬಿಲ್ಲಿನಂತೆ ಚಿಮ್ಮುತ್ತದೆ, ಬಾಯಿಡದೆ ಕುಡಿಯಬಹುದು. ಎತ್ತಿ ಕುಡಿಯುವ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಬೇಕಿಲ್ಲ. ಶನಿವಾರ ನನಗೆ ಒಪ್ಪತ್ತು, ಊಟದ ಚಿಂತೆ ರಾತ್ರಿಗೆ.

ಕವೂರ್ ಬೀದಿ ಇಳಿದು ಸೇರುವ ಅಗಲ ರಸ್ತೆ ಮುಸೊಲಿನಿ ಮಾಡಿಸಿದ್ದು. 1932ರಲ್ಲಿ, ತನ್ನ ಸೈನ್ಯದ ಕವಾಯತಿಗಾಗಿ ಪುರಾತನ ಚೌಕಗಳ ಎದೆ ಸೀಳಿ ಹಾಕಿಸಿದ ರಸ್ತೆ. ಅದನ್ನು ಬೇಗ ದಾಟಿ ಕ್ಯಾಪಿಟೊಲಿನ್ ಗುಡ್ಡ ಹತ್ತಿದೆ. ಮೈಕೆಲೇಂಜೆಲೊ ರೂಪಿಸಿದ ಚೌಕ, ಕುದುರೆಯ ಮೇಲೆ ಮಾರ್ಕಸ್ ಔರೇಲಿಯಸ್, ಅದರ ಹಿಂದೆ ಪುರಭವನ. ಪುರಭವನದ ಪಕ್ಕದಿಂದ ಹಿಂಬದಿಗೆ ಹೋದರೆ ಪುರಾತನ ರೋಮಿನ ನಡುಚೌಕವಾದ ಫೋರಂ ಇಡಿಯಾಗಿ ಕೆಳಗೆ ಹರಡಿಕೊಳ್ಳುತ್ತದೆ. ಎಲ್ಲಕ್ಕಿಂತ ಹತ್ತಿರ, ಕೈಚಾಚಿದರೆ ಸಿಗುವಂತೆ, ಎಂಟು ಕಂಬಗಳು.

ಶನಿಯ ಗುಡಿಯಲ್ಲಿ ಉಳಿದಿರುವುದು ಆ ಎಂಟೇ. ಮುಂಭಾಗದ ಆರು ಬೂದು ಬಣ್ಣದವು, ಪಕ್ಕದ ಎರಡು ನಸುಗೆಂಪು. ಈಜಿಪ್ಟಿನಿಂದ ತಂದ ಗ್ರಾನೈಟ್. ಶಿವಗಂಗೆ, ದೇವನಹಳ್ಳಿ ಸೀಮೆಯ ಬಂಡೆಗಳನ್ನು ನೋಡಿಕೊಂಡು ಬೆಳೆದ ಕಣ್ಣಿಗೆ ಆ ಕಲ್ಲಿನ ಜಾತಿ ತಕ್ಷಣ ತಿಳಿಯುತ್ತದೆ. ಸುತ್ತಲಿನ ಅಮೃತಶಿಲೆಯ ನಡುವೆ ಅದೊಂದೇ ನನ್ನೂರಿನ ಕಡೆಯದು ಅನ್ನಿಸುತ್ತದೆ. ಗುಡಿ ಮೊದಲು ಕಟ್ಟಿದ್ದು ಕ್ರಿಸ್ತಪೂರ್ವ 497ರಲ್ಲಿ ಎಂದು ರೋಮನ್ನರ ಪರಂಪರೆ. ಕ್ರಿಸ್ತಪೂರ್ವ 42ರಲ್ಲಿ ಮತ್ತೆ ಎಬ್ಬಿಸಿದರು. ಈಗ ಕಾಣುವ ಕಂಬಗಳು ನಾಲ್ಕನೆಯ ಶತಮಾನದ ದುರಸ್ತಿಯವು. ಬೆಂಕಿಗೆ ಆಹುತಿಯಾದುದನ್ನು ರೋಮಿನ ಸಭೆಯೂ ಪ್ರಜೆಗಳೂ ಮತ್ತೆ ನಿಲ್ಲಿಸಿದರು ಎಂದು ಕಂಬಗಳ ಮೇಲಿನ ತೊಲೆಯಲ್ಲಿ ಕೆತ್ತಿದೆ. ಯಾವ ಚಕ್ರವರ್ತಿಯ ಹೆಸರೂ ಅಲ್ಲಿಲ್ಲ. ಅದನ್ನು ಕಟ್ಟುವ ಹೊತ್ತಿಗೆ ಹಳೆಯ ದೇವರುಗಳ ಕಾಲ ಮುಗಿಯುತ್ತ ಬಂದಿತ್ತು. ಕೆಲವೇ ದಶಕಗಳಲ್ಲಿ, 391ರಲ್ಲಿ, ಥಿಯೊಡೋಸಿಯಸ್ ಚಕ್ರವರ್ತಿ ಗುಡಿಗಳ ಪೂಜೆಯನ್ನೇ ನಿಷೇಧಿಸಿದ. ಮುಳುಗುವ ಹೊತ್ತಿನಲ್ಲೂ ಈ ಒಂದು ಗುಡಿಯನ್ನು ಹೀಗೇ ಬಿಡಬಾರದೆಂದು ಯಾರೋ ಹಟ ಹಿಡಿದಿದ್ದರು, ಅವರಿಗೆ ನನ್ನ ನಮಸ್ಕಾರ.

ಹೂವಿನಂಗಡಿಯ ಅಜ್ಜಿಯ ಪ್ರಶ್ನೆಗೆ ಉತ್ತರ ಪ್ಲಿನಿಯ ಬರಹದಲ್ಲಿದೆ. ಮೊದಲನೆಯ ಶತಮಾನದ ಆ ವಿದ್ವಾಂಸ ಎಣ್ಣೆಗಳ ಬಗ್ಗೆ ಹೇಳುತ್ತಾ, ಹಳೆಯ ಎಣ್ಣೆ ದಂತವನ್ನು ಕೊಳೆಯದಂತೆ ಕಾಯುತ್ತದೆ, ರೋಮಿನ ಶನಿಯ ಮೂರ್ತಿಯ ಒಳಗೆ ಎಣ್ಣೆ ತುಂಬಿದೆ ಎನ್ನುತ್ತಾನೆ. ನಾವು ಎಣ್ಣೆಯನ್ನು ಹೊರಗೆ ಸುರಿಯುತ್ತೇವೆ, ಅವರು ಒಳಗೆ ತುಂಬಿದ್ದರು. ನಮ್ಮದು ಎಳ್ಳಿನದು, ಅವರ ನಾಡಿನದು ಆಲಿವ್‌ನದು. ಮೂರ್ತಿಯ ಕಾಲುಗಳನ್ನು ವರ್ಷವಿಡೀ ಉಣ್ಣೆಯ ದಾರದಲ್ಲಿ ಕಟ್ಟಿ, ಡಿಸೆಂಬರ್ 17ಕ್ಕೆ ಶುರುವಾಗುವ ಅವನ ಹಬ್ಬದಲ್ಲಿ ಮಾತ್ರ ಬಿಚ್ಚುತ್ತಿದ್ದರು. ಆ ಹಬ್ಬದಲ್ಲಿ ಯಜಮಾನರು ಆಳುಗಳಿಗೆ ಊಟ ಬಡಿಸುತ್ತಿದ್ದರು, ಜನ ಒಬ್ಬರಿಗೊಬ್ಬರು ಮೇಣದ ಬತ್ತಿ ಕೊಟ್ಟುಕೊಳ್ಳುತ್ತಿದ್ದರು. ಅರಸನೂ ಆಳೂ ಒಂದೇ ಎಂಬ ಅಜ್ಜಿಯ ನಂಬಿಕೆ ಇಲ್ಲಿ ವರ್ಷಕ್ಕೊಮ್ಮೆ ಕೆಲವು ದಿನ ನಡೆದೂ ಇತ್ತು.

ಇಬ್ಬರೂ ಒಂದೇ ದೇವರು ಎಂದು ಹೇಳುವ ಆತುರ ನನಗಿಲ್ಲ. ರೋಮಿನವನು ಬಿತ್ತನೆಯ ದೇವರು, ಕೈಯಲ್ಲಿ ಕುಡುಗೋಲು ಹಿಡಿದವನು, ಕಳೆದುಹೋದ ಸುವರ್ಣಕಾಲದ ದೊರೆ. ನಮ್ಮವನು ಸೂರ್ಯನ ಮಗ, ಛಾಯೆಯ ಹೊಟ್ಟೆಯಲ್ಲಿ ಹುಟ್ಟಿದವನು, ಕಾಗೆ ಏರಿ ಬರುವವನು. ಅವರಿಬ್ಬರಿಗೂ ನಂಟು ಆಕಾಶದಲ್ಲಿದೆ. ಕಣ್ಣಿಗೆ ಕಾಣುವ ಗ್ರಹಗಳಲ್ಲಿ ಅತಿ ನಿಧಾನದ್ದು ಅದು. ಸೂರ್ಯನನ್ನು ಒಂದು ಸುತ್ತು ಹಾಕಲು ಇಪ್ಪತ್ತೊಂಬತ್ತೂವರೆ ವರ್ಷ, ರಾಶಿಗೆ ಸುಮಾರು ಎರಡೂವರೆ. ಮೂರು ರಾಶಿ ದಾಟುವಷ್ಟರಲ್ಲಿ ಏಳೂವರೆ. ಈ ನಿಧಾನವೇ ವಾರದ ದಿನಗಳನ್ನೂ ಕಟ್ಟಿಕೊಟ್ಟಿತು. ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂದು ನಿಧಾನದಿಂದ ವೇಗಕ್ಕೆ ಗ್ರಹಗಳನ್ನು ಜೋಡಿಸಿ ಗಂಟೆಗೊಂದು ಹೋರೆ ಕೊಡುತ್ತಾ ಹೋಗಿ. ಇಪ್ಪತ್ತನಾಲ್ಕು ಮುಗಿದು ಮರುದಿನದ ಮೊದಲ ಹೋರೆ ರವಿಗೆ ಬೀಳುತ್ತದೆ, ಅದರ ಮರುದಿನ ಚಂದ್ರನಿಗೆ, ಆಮೇಲೆ ಕುಜನಿಗೆ. ನಮ್ಮ ಮನೆಯ ಗೋಡೆಯ ಕ್ಯಾಲೆಂಡರಿನ ಕ್ರಮ ಹುಟ್ಟಿದ್ದು ಹೀಗೆ. ರೋಮನ್ ಸಾಮ್ರಾಜ್ಯದಲ್ಲಿ ಗ್ರಹವಾರ ಹರಡಿದಾಗ ವಾರ ಶುರುವಾಗುತ್ತಿದ್ದುದು ಶನಿವಾರದಿಂದಲೇ. ಗ್ರೀಕ್ ಜ್ಯೋತಿಷದ ಜೊತೆ ಆ ಲೆಕ್ಕ ಭಾರತಕ್ಕೆ ಬಂತು. ವಾರದ ಹೆಸರು ಹೇಳುವ ನಮ್ಮ ಅತಿ ಹಳೆಯ ಶಾಸನಗಳ ಸಾಲಿನಲ್ಲಿ ಮಧ್ಯಪ್ರದೇಶದ ಏರಣದ ಕ್ರಿಸ್ತಶಕ 484ರ ಗುಪ್ತ ಶಾಸನವಿದೆ, ಅದರಲ್ಲಿರುವುದು ಗುರುವಾರ. ಚಿಕ್ಕಮಧುರೆಯ ಬಸ್ಸು ತುಂಬುವ ದಿನವೂ ಆ ಎಂಟು ಕಂಬಗಳ ದೇವರ ದಿನವೂ ಒಂದೇ ಲೆಕ್ಕದಿಂದ ಬಂದವು. ಅಂದು ಶನಿವಾರವೇ ಆಗಿತ್ತು, ನಾನು ಕೈಮುಗಿದೆ. ಪಕ್ಕದಲ್ಲಿ ಫೋಟೊ ತೆಗೆಯುತ್ತಿದ್ದ ವೃದ್ಧ ದಂಪತಿ ಕ್ಯಾಮೆರಾ ಕೆಳಗಿಳಿಸಿ, ನಾನು ಮುಗಿಸುವವರೆಗೂ ಸುಮ್ಮನೆ ನಿಂತರು.

ಈ ಗುಡಿಯ ಅಡಿಪಾಯದಲ್ಲಿ ರೋಮ್ ರಾಜ್ಯದ ಖಜಾನೆಯಿತ್ತು. ಕ್ರಿಸ್ತಪೂರ್ವ 49ರಲ್ಲಿ ಜೂಲಿಯಸ್ ಸೀಸರ್ ಬಾಗಿಲು ಒಡೆಸಿ ಚಿನ್ನ ಬೆಳ್ಳಿ ಹೊತ್ತೊಯ್ದದ್ದು ಇಲ್ಲಿಂದಲೇ. ರೋಮಿನ ಬೆಳ್ಳಿ ಎಲ್ಲಿಯವರೆಗೆ ಹೋಯಿತೆಂದು ನನಗೆ ಗೊತ್ತು. ಮಧುರೆಯಿಂದ ನೆಲಮಂಗಲ ಮೇಲೆ ಮೆಜೆಸ್ಟಿಕ್‌ಗೆ ಹೋಗುವ ಬಸ್ಸು ಯಶವಂತಪುರ ದಾಟುತ್ತದೆ. 1891ರಲ್ಲಿ ಅಲ್ಲಿ ರೈಲುದಾರಿಗೆ ಮಣ್ಣು ಅಗೆಯುವಾಗ ಗಡಿಗೆಯಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು, ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಕಾಲದವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ ಇನ್ನೊಂದು ನಿಧಿ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಟೈಬೀರಿಯಸ್‌ನ ನಾಣ್ಯ ದೊರೆತಿದೆ. ಮೆಣಸು, ಮುತ್ತು, ಬಟ್ಟೆಗಾಗಿ ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ನಾಣ್ಯ ನುಂಗುತ್ತಿದೆ ಎಂದು ಅದೇ ಪ್ಲಿನಿ ಸಂಕಟಪಟ್ಟಿದ್ದ. ಕಾಲೇಜಿಗೆ ಹೋಗುವಾಗ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುತ್ತಾ ದಾಟಿದ ಆ ನೆಲದಡಿಯಲ್ಲಿ ಈ ಊರಿನ ಬೆಳ್ಳಿಯಿತ್ತು. ಅದನ್ನು ಗಡಿಗೆಯಲ್ಲಿ ಹೂತಿಟ್ಟು ಹಿಂತಿರುಗಿ ಬಾರದಿದ್ದವರು ಯಾರೋ, ಯಾವ ಕಷ್ಟದಲ್ಲಿದ್ದರೋ. ನನಗೆ ಚಕ್ರವರ್ತಿಗಳಿಗಿಂತ ಅವರ ಯೋಚನೆಯೇ ಹೆಚ್ಚು ಬಂತು.

ಚರ್ಚಿನ ಬಾಗಿಲು ಹಾಕುವ ಮುನ್ನ ಹೋಗಬೇಕಿತ್ತು. ಗುಡ್ಡದ ಇನ್ನೊಂದು ತುದಿಯಲ್ಲಿರುವುದು ಸಾಂತಾ ಮರಿಯಾ ಇನ್ ಅರಚೇಲಿ. 1348ರ ಪ್ಲೇಗಿನ ವರ್ಷ ಕಟ್ಟಿದ, ನೂರಿಪ್ಪತ್ತಕ್ಕೂ ಹೆಚ್ಚು ಮೆಟ್ಟಿಲುಗಳ ಕಡಿದಾದ ಸೋಪಾನ ಅದರ ಮುಂದಿದೆ. ನಾನು ಪಕ್ಕದ ದಾರಿಯಿಂದ ಒಳಹೊಕ್ಕೆ. ಒಳಗೆ ತಂಪು, ಹಳೆಯ ಗುಡಿಗಳಿಂದ ಕಿತ್ತು ತಂದ ಬಗೆಬಗೆಯ ಕಂಬಗಳು, ಸವೆದ ಸಮಾಧಿ ಕಲ್ಲುಗಳ ನೆಲ. ನಾನು ಬಂದಿದ್ದು ಪಿಯೆತ್ರೊ ದೆಲ್ಲಾ ವಾಲೆಯನ್ನು ನೋಡಲು.

ಅವನು ರೋಮಿನ ದೊಡ್ಡ ಮನೆತನದವನು, 1586ರಲ್ಲಿ ಹುಟ್ಟಿದವನು. ಪ್ರೇಮ ಮುರಿದು ಬದುಕೇ ಬೇಡವೆಂದು ಕೂತಿದ್ದಾಗ ನೇಪಲ್ಸಿನ ವೈದ್ಯ ಗೆಳೆಯ ಮಾರಿಯೊ ಸ್ಕಿಪಾನೊ, ಪೂರ್ವದೇಶಗಳಿಗೆ ಹೋಗು ಎಂದ. 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿದ. ಬಾಗ್ದಾದಿನಲ್ಲಿ ಸಿತ್ತಿ ಮಆನಿ ಎಂಬ ಕ್ರೈಸ್ತ ಹುಡುಗಿಯನ್ನು ಮದುವೆಯಾದ. ಇಬ್ಬರೂ ಪರ್ಷಿಯಾವನ್ನೆಲ್ಲ ಸುತ್ತಿದರು. 1621ರ ಕೊನೆಯಲ್ಲಿ, ಹೊರ್ಮುಜ್ ಬಳಿಯ ಮಿನಾಬಿನಲ್ಲಿ, ಅವಳು ಜ್ವರದಿಂದ ತೀರಿಕೊಂಡಳು. ಅವಳನ್ನು ಅಲ್ಲಿ ಮಣ್ಣು ಮಾಡಲು ಅವನ ಮನಸ್ಸು ಒಪ್ಪಲಿಲ್ಲ. ದೇಹಕ್ಕೆ ಕರ್ಪೂರ ಹಚ್ಚಿಸಿ, ಪೆಟ್ಟಿಗೆಯಲ್ಲಿಟ್ಟು, ಜೊತೆಗೇ ಒಯ್ದ. ಆ ಪೆಟ್ಟಿಗೆಯೊಂದಿಗೆ 1623ರಲ್ಲಿ ಸೂರತ್ತಿನಲ್ಲಿ ಇಳಿದು ಗೋವಾಕ್ಕೆ ಬಂದ, ಅಲ್ಲಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರಕ್ಕೆ. ಗೇರುಸೊಪ್ಪೆ ದಾಟಿ, ಘಟ್ಟ ಹತ್ತಿ, ಕೆಳದಿಯ ಅರಸ ವೆಂಕಟಪ್ಪ ನಾಯಕನ ಇಕ್ಕೇರಿಗೆ.

ಆ ದಾರಿಯಲ್ಲಿ ದೇವಸ್ಥಾನವೊಂದರ ಜಗಲಿಯಲ್ಲಿ ಅವನು ಕಂಡದ್ದನ್ನು ನಾನು ಎಷ್ಟು ಸಲ ಓದಿದರೂ ತಣಿಯುವುದಿಲ್ಲ. ನಾಲ್ಕು ಪುಟ್ಟ ಹುಡುಗರು ನೆಲದ ಮೇಲೆ ಸಣ್ಣ ಮರಳು ಹರಡಿ, ಲೆಕ್ಕವನ್ನು ರಾಗವಾಗಿ ಹಾಡುತ್ತಾ, ಹಾಡಿದ್ದನ್ನು ಬೆರಳಿನಲ್ಲಿ ಬರೆಯುತ್ತಿದ್ದರು. ಮೇಷ್ಟ್ರಿಲ್ಲ. ಒಬ್ಬ ಹೇಳಿದ್ದನ್ನು ಉಳಿದವರು ಹೇಳುತ್ತಿದ್ದರು. ಮರಳು ತುಂಬಿದರೆ ಅಳಿಸಿ ಹೊಸದಾಗಿ ಹರಡುತ್ತಿದ್ದರು. ಅವನು ಅದನ್ನು ನಿಂತು ನೋಡಿದ, ಪ್ರಶ್ನೆ ಕೇಳಿದ, ಕಲಿಯುವ ಈ ರೀತಿ ಸೊಗಸಾಗಿದೆ ಎಂದು ಸ್ಕಿಪಾನೊಗೆ ಪತ್ರ ಬರೆದ. ಕೆಳದಿಯ ಅರಸರ ಕಾಲದ ಮಕ್ಕಳ ದನಿ ಚರಿತ್ರೆಯಲ್ಲಿ ಉಳಿದಿರುವುದು ಈ ಪರದೇಶಿ ಜಗಲಿಯ ಬಳಿ ಅಷ್ಟು ಹೊತ್ತು ನಿಂತದ್ದರಿಂದ. ಮುಂದೆ ಮಂಗಳೂರಿನ ಕಡೆ ಹೋದಾಗ ಉಳ್ಳಾಲದ ರಾಣಿಯನ್ನು ಕಂಡ. ಬರಿಗಾಲಿನಲ್ಲಿ, ಗದ್ದೆಗೆ ನೀರಿನ ಕಾಲುವೆ ತೋಡಿಸುವ ಕೆಲಸ ನೋಡಲು ನಡೆದು ಹೊರಟಿದ್ದಳು. ದಾರಿಯಲ್ಲೇ ನಿಂತು ಅವನನ್ನು ವಿಚಾರಿಸಿಕೊಂಡಳು: ಎಲ್ಲಿಯವನು, ಯಾಕೆ ಹೀಗೆ ಲೋಕ ಸುತ್ತುತ್ತಿದ್ದೀಯೆ ಎಂದು.

1626ರ ಮಾರ್ಚಿನಲ್ಲಿ ಅವನು ರೋಮ್ ಸೇರಿದ. ಬೇಸಿಗೆಯಲ್ಲಿ ಮಆನಿಯನ್ನು ಇದೇ ಚರ್ಚಿನ ಮನೆತನದ ಸಮಾಧಿಯಲ್ಲಿಟ್ಟ. ಮರುವರ್ಷ ಅವಳಿಗಾಗಿ ನಡೆಸಿದ ಶ್ರದ್ಧಾಂಜಲಿಯಲ್ಲಿ ಮಾತಾಡಲು ನಿಂತವನು ಅತ್ತುಬಿಟ್ಟ. 1652ರಲ್ಲಿ ಅವನೂ ಅಲ್ಲಿಗೇ ಬಂದ. ಅವನ ಭಾರತದ ಪತ್ರಗಳು ಅಚ್ಚಾದದ್ದು ಸತ್ತ ಮೇಲೆ, 1663ರಲ್ಲಿ. ಕಿಟಕಿಯ ಬೆಳಕು ನೆಲಕ್ಕೆ ಬಿದ್ದಿದ್ದ ಕಡೆ ನಾನು ಸ್ವಲ್ಪ ಹೊತ್ತು ಕೂತೆ. ಕಡಲು ದಾಟಿದ ಪೆಟ್ಟಿಗೆಯ ನೆನಪು, ಮರಳಿನ ಲೆಕ್ಕದ ನೆನಪು ಎರಡೂ ಇಲ್ಲಿಗೆ ಬಂದು ಸೇರಿದ್ದವು. ಇಕ್ಕೇರಿಯಲ್ಲಿ ಅವನ ಗುರುತಿಗೆ ಒಂದು ಫಲಕವಾದರೂ ಇರಬೇಕು ಎಂಬುದು ನನ್ನ ಆಸೆ. ಆ ಹುಡುಗರ ಗುರುತಿಗೆ ಇನ್ನೊಂದು.

ಕತ್ತಲಾದ ಮೇಲೆ ಒಪ್ಪತ್ತು ಮುರಿದೆ. ತೂಕಕ್ಕೆ ಕತ್ತರಿಸಿ ಕೊಡುವ, ಬರೀ ಟೊಮೆಟೊ ಸವರಿದ ರೊಟ್ಟಿ, ಮನೆಯ ಚಟ್ನಿಪುಡಿ. ಮತ್ತೆ ಗುಡ್ಡದ ಹಿಂದಿನ ಕಟ್ಟೆಗೆ ಬಂದೆ. ಆಗಸ್ಟ್ ಮೊದಲ ವಾರ ಶನಿಗ್ರಹ ರೋಮಿನ ಆಕಾಶದಲ್ಲಿ ಏಳುವುದು ರಾತ್ರಿ ಹತ್ತೂವರೆಯ ಸುಮಾರಿಗೆ. ಹನ್ನೊಂದು ಕಳೆದ ಮೇಲೆ ಪೂರ್ವದ ಮಾಡುಗಳ ಮೇಲೆ, ಮಿನುಗದೆ, ಮಾಸಿದ ಹಳದಿ ಬಣ್ಣದಲ್ಲಿ ಕಂಡಿತು. ದೀಪ ಹಾಕಿದ ಎಂಟು ಕಂಬಗಳು ಕೆಳಗೆ. ಊರಿನಲ್ಲಿ ಆಗ ಭಾನುವಾರದ ಬೆಳಗಿನ ಜಾವ ಹತ್ತಿರ ಬಂದಿತ್ತು. ನಿದ್ದೆ ಮಾಡದೆ ಕಾದಿದ್ದ ಅಮ್ಮನಿಗೆ ಫೋನಿನಲ್ಲಿ ಎರಡನ್ನೂ ತೋರಿಸಲು ನೋಡಿದೆ. ಕಂಬ ಕಂಡವು, ಗ್ರಹ ಕಾಣಲಿಲ್ಲ. ‘ಪೂಜೆ ಯಾರು ಮಾಡ್ತಾರೆ?’ ಎಂದಳು. ಸಾವಿರದ ಆರುನೂರು ವರ್ಷಗಳಿಂದ ಯಾರೂ ಮಾಡುತ್ತಿಲ್ಲ ಎಂದೆ. ಅವಳು ತುಸು ಸುಮ್ಮನಿದ್ದು, ‘ಹಂಗಾದ್ರೆ ನಾಳೆ ಹತ್ತಿರಕ್ಕೆ ಹೋಗಿ ಒಂದು ಪ್ರದಕ್ಷಿಣೆಯಾದ್ರೂ ಹಾಕಿಬಾ’ ಎಂದಳು.

ಮರುದಿನ ತಿಂಗಳ ಮೊದಲ ಭಾನುವಾರ. ಇಟಲಿಯಲ್ಲಿ ಅಂದು ಸರ್ಕಾರದ ಸ್ಮಾರಕಗಳಿಗೆಲ್ಲ ಪ್ರವೇಶ ಉಚಿತ, ಫೋರಂಗೂ ಅಷ್ಟೇ. ಯುವಜನರೆಲ್ಲ ತೋರ್ ವೆರ್ಗಾತಾದಲ್ಲಿ ಪೋಪರ ಬಲಿಪೂಜೆಗೆ ಸೇರಿರುತ್ತಾರೆ, ಬೇಗ ಹೋದರೆ ಸಾಲು ಚಿಕ್ಕದಿರುತ್ತದೆ ಎಂದು ಮನೆಯೊಡತಿ ಹೇಳಿದ್ದರು. ಬೆಳಿಗ್ಗೆ ಏಳಕ್ಕೆ ಅಲಾರಂ ಇಟ್ಟುಕೊಂಡೆ.